ಅವ್ವ ಹತ್ತಬಹುದಾದ ಬೋಟು

ಎರಡು ಬೋಟುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಗೋವಾದ ಮಾಂಡೋವಿ ನದಿಯ ದಡದ ಒಂದೇ ಯಾರ್ಡಿನಲ್ಲಿ ನಿಂತಿದ್ದವು, ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು ಬೌರೈಡರ್. ಹತ್ತೊಂಬತ್ತು ಅಡಿಯ ಬಿಳಿ ಫೈಬರ್ ಬೋಟು. ತಳ ‘ವಿ’ ಆಕಾರದಲ್ಲಿ ಚೂಪು, ಮುಂದೆ ಮೂಗಿನ ಹತ್ತಿರವೂ ಕೂರಲು ಸೀಟು, ಹಿಂದೆ ಮುಚ್ಚಳದ ಕೆಳಗೆ 4.3 ಲೀಟರಿನ ವಿ6 ಪೆಟ್ರೋಲ್ ಎಂಜಿನ್, 190 ಎಚ್‌ಪಿ. ಇನ್ನೊಂದು ಪಾಂಟೂನ್. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಅವುಗಳ ಮೇಲೆ ಸಪಾಟಾದ ಹಲಗೆ, ಸುತ್ತ ಕಟಕಟೆ, ಮೇಲೊಂದು ಚಪ್ಪರ, ಹಿಂದೆ ಹೊರಗೆ ಕೂರಿಸಿದ 60 ಎಚ್‌ಪಿ ಔಟ್‌ಬೋರ್ಡ್ ಮೋಟಾರು. ಉದ್ದ ಇಪ್ಪತ್ತೆರಡು ಅಡಿ.

ನನ್ನ ತಮ್ಮ ಬೌರೈಡರ್ ನೋಡಿದ ದಿನವೇ ಅದಕ್ಕೆ ಮನಸ್ಸು ಕೊಟ್ಟಾಗಿತ್ತು. ಪಾಂಟೂನ್ ನೋಡಿ, “ಅಕ್ಕಾ, ಇದೇನು ಬೋಟೋ ಮದುವಿ ಸ್ಟೇಜೋ?” ಅಂದ. ಅರ್ಧ ದುಡ್ಡು ಅವನದು, ಅರ್ಧ ನಮ್ಮದು. ಹಾಗಾಗಿ ಸುಮ್ನೆ ಒಬ್ಬರ ಮಾತು ನಡೆಯುವ ಹಾಗಿರಲಿಲ್ಲ.

ಹೊಸದನ್ನು ಕೊಳ್ಳುವ ಮಾತು ಮೊದಲೇ ಬಿದ್ದುಹೋಗಿತ್ತು. 2025ರ ಸೆಪ್ಟೆಂಬರ್ 22ರಿಂದ ವಿಹಾರದ ಬೋಟುಗಳ ಮೇಲಿನ ಜಿಎಸ್‌ಟಿ 28ರಿಂದ ಶೇಕಡಾ 40ಕ್ಕೆ ಏರಿತು. ಸರ್ಕಾರದ ಲೆಕ್ಕದಲ್ಲಿ ನಾವು ಐಷಾರಾಮಿ ಜನ. ನಾನು ಲೆಕ್ಕಪತ್ರದ ಕೆಲಸ ಮಾಡುವವಳು, ತಮ್ಮ ವಾಸ್ಕೋದಲ್ಲಿದ್ದು ವೆರ್ಣಾದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವವನು. ಆ ನಲವತ್ತನ್ನು ಕೇಳಿಯೇ ನಾವಿಬ್ಬರೂ ಹಳೆಯ ಬೋಟುಗಳ ಕಡೆ ತಿರುಗಿದೆವು.

ಬೋಟು ಯಾಕೆ ಬೇಕಿತ್ತು ಅಂದರೆ, ಭಾನುವಾರ ಗೋವಾದ ಬೀಚಿಗೆ ಹೋಗೋದು ಸಾಕಾಗಿತ್ತು. ಪಾರ್ಕಿಂಗಿಗೇ ಒಂದು ಗಂಟೆ. ನದಿಯಲ್ಲಿ ಆ ಗದ್ದಲ ಇಲ್ಲ. ಈ ಮಾಂಡೋವಿ ಅಂದರೆ ನಮ್ಮ ಮಹದಾಯಿಯೇ, ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ ಇಲ್ಲಿಗೆ ಬಂದು ಸಮುದ್ರ ಸೇರುತ್ತಾಳೆ. ಧಾರವಾಡದ ನಮ್ಮ ನೆಂಟರಿಗೆ ಮಹದಾಯಿ ಅಂದರೆ ಬಂದ್, ರಸ್ತೆ ತಡೆ, 2018ರ ನ್ಯಾಯಮಂಡಳಿ ತೀರ್ಪು. ಆಫೀಸಿನಲ್ಲಿ ಗೋವಾದವರ ಜೊತೆ ಆ ವಿಷಯ ನಾನು ಎತ್ತುವುದೇ ಇಲ್ಲ. ನೀರಿನ ಮೇಲೆ ಕೂತು ಬುತ್ತಿ ಬಿಚ್ಚುವುದಕ್ಕೆ ಯಾವ ರಾಜ್ಯದವರೂ ತಕರಾರು ಮಾಡಲಾರರು ಅನ್ನುವುದು ನನ್ನ ಲೆಕ್ಕ.

ನಾವು ಎಂಟು ಜನ. ನಾವಿಬ್ಬರು ಮತ್ತು ಎರಡು ಮಕ್ಕಳು, ತಮ್ಮ, ಅವನ ಹೆಂಡತಿ, ಅವರ ಒಂದು ಮಗು, ಮತ್ತು ಅವ್ವ. ಬೌರೈಡರಿನ ಒಳಗೆ ಅಂಟಿಸಿದ್ದ ತಗಡಿನ ಮೇಲೂ ಎಂಟು ಜನ ಎಂದೇ ಇತ್ತು. ತಮ್ಮನಿಗೆ ಅಷ್ಟೇ ಸಾಕಾಗಿತ್ತು. ಆದರೆ ಆ ತಗಡಿನ ಮೇಲೆ ತಲೆಗಳ ಲೆಕ್ಕದ ಪಕ್ಕದಲ್ಲಿ ತೂಕದ ಲೆಕ್ಕವೂ ಇರುತ್ತೆ. ಯಾವುದು ಮೊದಲು ಮುಗಿಯುತ್ತದೋ ಅದೇ ಮಿತಿ. ಐಸ್ ಡಬ್ಬಿ, ನೀರಿನ ಕ್ಯಾನು, ಲಂಗರು, ಹಗ್ಗ, ರೊಟ್ಟಿ ಗಂಟು, ಮಕ್ಕಳ ಬ್ಯಾಗು ಎಲ್ಲಾ ಸೇರಿಸಿ ನಾನು ಕೂಡಿದಾಗ ತೂಕ ಮಿತಿಯ ಅಂಚಿಗೆ ಬಂದು ನಿಂತಿತು. ಪಾಂಟೂನಿನಲ್ಲಿ ಇನ್ನೂ ಇಬ್ಬರು ದೊಡ್ಡವರು ಕೂರುವಷ್ಟು ಉಳಿಯುತ್ತಿತ್ತು.

ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆವು. ಕಾರವಾರದ ಬೈತಖೋಲ ಕಡೆಯವರು, ಮೀನುಗಾರಿಕೆ ಬೋಟುಗಳ ಮೋಟಾರು ಬಿಚ್ಚಿ ಬಿಚ್ಚಿ ಕೈ ಕಪ್ಪಾದವರು. ಯಾರ್ಡಿನವರಿಗೂ ಅವರಿಗೂ ಯಾವ ಸಂಬಂಧವೂ ಇರಬಾರದು ಅಂತ ನೋಡಿಯೇ ಆರಿಸಿದ್ದೆ. ಅವರಿಗೆ ಕೊಟ್ಟ ಹಣ ಒಂದು ತುಂಬು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ.

ಬೌರೈಡರಿನ ಹತ್ತಿರ ಬಂದವರೇ ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಸಣ್ಣ ಪ್ಲಾಸ್ಟಿಕ್ ಸುತ್ತಿಗೆ ತೆಗೆದು ತಳವನ್ನು ಗೇಣು ಗೇಣಿಗೂ ಬಡಿಯುತ್ತಾ ಹೋದರು. ಟಕ್, ಟಕ್, ಟಕ್. ಹಿಂಭಾಗದಲ್ಲಿ ಒಂದು ಕಡೆ ಸದ್ದು ಮಂದವಾಯಿತು. ಮತ್ತೆ ಬಡಿದರು, ಕಿವಿ ಹಚ್ಚಿದರು. ಫೈಬರಿನ ಪದರಗಳ ನಡುವೆ ನೀರು ಸೇರಿದರೆ, ಒಳಗಿನ ಮರ ಕೊಳೆತರೆ, ಸದ್ದು ಹೀಗೆ ಸಾಯುತ್ತೆ ಅಂದರು. ಆಮೇಲೆ ಹಿಂದೆ ಹೊರಗೆ ಚಾಚಿದ ಡ್ರೈವ್, ಅಂದರೆ ಪ್ರೊಪೆಲ್ಲರ್ ಇರುವ ಭಾಗದ ಮೇಲೆ ಎರಡೂ ಕಾಲಿಟ್ಟು ಕುಣಿದು ನೋಡಿದರು. ಬೋಟಿನ ಹಿಂಗೋಡೆ ಅಲುಗಾಡಲಿಲ್ಲ. “ಪರವಾಗಿಲ್ಲ, ಸಣ್ಣ ಜಾಗ, ರಿಪೇರಿ ಆಗ್ತದೆ” ಅಂದರು. ಯಾರ್ಡಿನ ಹುಡುಗ ಉಸಿರು ಬಿಟ್ಟ.

ಎಂಜಿನ್ ಕಥೆ ಬೇರೆ. ಈ ಬಗೆಯ ಬೋಟಿನಲ್ಲಿ ಎಂಜಿನ್ ಒಳಗಿರುತ್ತೆ, ತಿರುಗಿಸುವ ಕಾಲು ಮಾತ್ರ ಹಿಂಗೋಡೆಯ ತೂತಿನಿಂದ ಹೊರಗೆ ಬಂದು ನೀರಿನಲ್ಲಿ ನಿಲ್ಲುತ್ತೆ. ಸ್ಟರ್ನ್‌ಡ್ರೈವ್ ಅನ್ನುತ್ತಾರೆ. ಆ ತೂತಿಗೆ ನೀರು ನುಗ್ಗದಂತೆ ಮಡಿಕೆ ಮಡಿಕೆಯ ರಬ್ಬರ್ ತೋಳು, ಅದಕ್ಕೆ ಬೆಲ್ಲೋಸ್ ಎಂದು ಹೆಸರು. ಮೆಕ್ಯಾನಿಕ್ ಮಡಿಕೆಗಳನ್ನು ಬೆರಳಿನಿಂದ ಅಗಲಿಸಿ ನನಗೆ ತೋರಿಸಿದರು. ಹೊರಗಿನಿಂದ ಕರ್ರಗೆ ಚೆನ್ನಾಗಿತ್ತು. ಮಡಿಕೆಯ ಒಳಗೆ ಕೂದಲೆಳೆಯಂಥ ಬಿರುಕುಗಳು. “ಇದು ಹರಿದರೆ ಬೋಟು ಕಟ್ಟಿದ ಜಾಗದಲ್ಲೇ ಮುಳುಗ್ತದೆ ಮೇಡಂ. ಓಡಿಸ್ಬೇಕು ಅಂತಿಲ್ಲ.” ಇನ್ನು ಎಂಜಿನ್ ತಂಪಾಗುವುದು ಹೊರಗಿನ ನೀರಿನಿಂದಲೇ. ಉಪ್ಪು ನೀರಾದರೆ ಅದು ಹೊಗೆ ಹೋಗುವ ಎರಕದ ಕಬ್ಬಿಣದ ಮ್ಯಾನಿಫೋಲ್ಡನ್ನು ಒಳಗಿನಿಂದ ತಿನ್ನುತ್ತಾ ಬರುತ್ತೆ, ಐದಾರು ವರ್ಷಕ್ಕೆ ಬದಲಿಸಬೇಕು. ಒಂದು ಪೈಪು ಬಿಚ್ಚಿದಾಗ ತುಕ್ಕಿನ ಚಕ್ಕೆಗಳು ಅವರ ಅಂಗೈಗೆ ಉದುರಿದವು. ಯಾವಾಗ ಬದಲಿಸಿದ್ದು ಅಂತ ಕೇಳಿದರೆ ಯಾರ್ಡಿನಲ್ಲಿ ಯಾರ ಹತ್ತಿರವೂ ಬಿಲ್ ಇರಲಿಲ್ಲ.

ಮಾಂಡೋವಿ ನದಿ ಅಂತ ಹೆಸರೇ ಹೊರತು ಪಣಜಿಯ ಹತ್ತಿರ ಅದು ಅರ್ಧ ಸಮುದ್ರ. ಭರತಿ ಬಂದಾಗ ಉಪ್ಪು ನೀರು ಒಳಗೆ ಬಹಳ ದೂರ ಹೋಗುತ್ತೆ. ಔಟ್‌ಬೋರ್ಡ್ ಆದರೆ ಕೆಲಸ ಮುಗಿದ ಮೇಲೆ ಇಡೀ ಮೋಟಾರನ್ನು ಓರೆ ಮಾಡಿ ನೀರಿನಿಂದ ಮೇಲೆತ್ತಿಡಬಹುದು. ನಲ್ಲಿ ನೀರಿನ ಪೈಪು ಹಚ್ಚಿ ಹತ್ತು ನಿಮಿಷ ತೊಳೆದರೆ ಉಪ್ಪು ಹೋಗುತ್ತೆ. ಸ್ಟರ್ನ್‌ಡ್ರೈವನ್ನು ಎಷ್ಟೇ ಎತ್ತಿದರೂ ಒಂದಷ್ಟು ಭಾಗ ನೀರಲ್ಲೇ ಉಳಿಯುತ್ತೆ, ಅಲ್ಲಿ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಮನೆ ಮಾಡುತ್ತವೆ.

ಇನ್ನೊಂದು ವಿಷಯ ನನಗೆ ಮೊದಲ ಸಲ ಗೊತ್ತಾಯಿತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಎಂಜಿನ್ ಮುಚ್ಚಳದೊಳಗೆ ಇದ್ದರೆ ಸೋರಿದ ಆವಿ ಬೋಟಿನ ತಳದಲ್ಲಿ ಕೂತುಬಿಡುತ್ತೆ. ಅದಕ್ಕೇ ಕೀಲಿ ತಿರುಗಿಸುವ ಮೊದಲು ಕನಿಷ್ಠ ನಾಲ್ಕು ನಿಮಿಷ ಬ್ಲೋವರ್ ಹಾಕಿ ಗಾಳಿ ಹೊರಗೆಳೆಯಬೇಕು, ಮೂಸಿ ನೋಡಬೇಕು. ಬಿಸಿಲಲ್ಲಿ ಮಕ್ಕಳು “ಅಪ್ಪಾ ಹೊರಡು ಹೊರಡು” ಅಂತ ಕೂಗುವಾಗ ನಾಲ್ಕು ನಿಮಿಷ ಕಾಯುವವ ನನ್ನ ತಮ್ಮನೇ? ನನಗಂತೂ ನಂಬಿಕೆ ಬರಲಿಲ್ಲ.

ಪಾಂಟೂನಿನಲ್ಲೂ ಕುಂದು ಇಲ್ಲದಿರಲಿಲ್ಲ. ಆ ಕೊಳವೆಗಳು ಒಳಗೆ ಬೇರೆ ಬೇರೆ ಕೋಣೆಗಳಾಗಿರುತ್ತವೆ, ಒಂದು ತೂತಾದರೂ ಉಳಿದವು ತೇಲಿಸಲಿ ಅಂತ. ಬಡಿಯುತ್ತಾ ಬಂದಾಗ ಎಡಗೊಳವೆಯ ಹಿಂದಿನ ಕೋಣೆ ಬೇರೆ ಸದ್ದು ಮಾಡಿತು. ಬಿರಡೆ ತೆಗೆದರೆ ಒಂದು ಕೊಡದಷ್ಟು ನೀರು ಸುರಿಯಿತು. ಬೆಸುಗೆಯಲ್ಲಿ ಸೂಜಿ ಮೊನೆಯಷ್ಟು ರಂಧ್ರ. ಉಪ್ಪು ನೀರಿನಲ್ಲಿ ಅಲ್ಯೂಮಿನಿಯಂ ಬಲು ನಾಜೂಕು. ಬೇರೆ ಲೋಹ ಹತ್ತಿರವಿದ್ದರೆ ಇದೇ ಕರಗುತ್ತೆ. ಹಾಗಾಗಿ ತನ್ನ ಬದಲು ಕರಗಲಿ ಅಂತ ಸತುವಿನ ಗಟ್ಟಿ ಕಟ್ಟಿರುತ್ತಾರೆ. ಇದರಲ್ಲಿ ಆ ಗಟ್ಟಿ ಬರೀ ಬೋಲ್ಟಿನ ಸುತ್ತ ಚೂರಷ್ಟು ಉಳಿದಿತ್ತು. ತಳಕ್ಕೆ ಪಾಚಿ, ಚಿಪ್ಪು ಹತ್ತದಂತೆ ಬಳಿಯುವ ಬಣ್ಣದಲ್ಲೂ ಎಚ್ಚರ ಬೇಕು. ಫೈಬರಿಗೆ ಬಳಿಯುವ ತಾಮ್ರದ ಬಣ್ಣ ಅಲ್ಯೂಮಿನಿಯಂಗೆ ಬಳಿದರೆ ಆ ತಾಮ್ರವೇ ಕೊಳವೆಯನ್ನು ತಿನ್ನುತ್ತೆ. ಮೆಕ್ಯಾನಿಕ್ ಇದನ್ನೆಲ್ಲ ಹೇಳುತ್ತಿದ್ದರೆ ತಮ್ಮ ನನ್ನ ಕಡೆ ನೋಡಿ ನಕ್ಕ. “ಬರ್ಕೋ ಅಕ್ಕಾ, ಇದನ್ನೂ ಬರ್ಕೋ.” ಬರೆದುಕೊಂಡೆ.

ಪೆಟ್ರೋಲ್ ಖರ್ಚಿನ ಲೆಕ್ಕ ನನಗೇ ಆಶ್ಚರ್ಯ ತಂದಿತು. ಪೂರ್ತಿ ಥ್ರಾಟಲ್ ಕೊಟ್ಟರೆ ಒಂದು ಎಚ್‌ಪಿಗೆ ಗಂಟೆಗೆ ಮೂರನೇ ಒಂದು ಲೀಟರಿಗಿಂತ ತುಸು ಜಾಸ್ತಿ ಹೋಗುತ್ತೆ ಅನ್ನುವುದು ಮೆಕ್ಯಾನಿಕ್‌ಗಳ ರೂಢಿ ಲೆಕ್ಕ. ಅಂದರೆ 190 ಎಚ್‌ಪಿಗೆ ಗಂಟೆಗೆ ಎಪ್ಪತ್ತು ಲೀಟರಿನ ಆಸುಪಾಸು, 60 ಎಚ್‌ಪಿಗೆ ಇಪ್ಪತ್ತೆರಡರ ಆಸುಪಾಸು. ಹದವಾಗಿ ಓಡಿಸಿದರೆ ಎರಡೂ ಅದರ ಅರ್ಧಕ್ಕೆ ಇಳಿಯುತ್ತವೆ. ಇಷ್ಟು ಕೇಳಿದ ಕೂಡಲೇ ನಾನು ಗೆದ್ದೆ ಅಂದುಕೊಂಡೆ. ಆದರೆ ತಮ್ಮನೂ ಲೆಕ್ಕದಲ್ಲಿ ಕಡಿಮೆಯವನಲ್ಲ. “ನಂದು ಎರಡು ಪಟ್ಟು ಜೋರ ಹೋಗ್ತದ. ಕಿಲೋಮೀಟರಿಗೆ ಎಷ್ಟು ಅಂತ ಹಾಕು” ಅಂದ. ಹಾಕಿದರೆ ಮೂರು ಪಟ್ಟಿನ ವ್ಯತ್ಯಾಸ ನಿಜಕ್ಕೂ ಒಂದೂವರೆ ಪಟ್ಟಿನ ಆಸುಪಾಸಿಗೆ ಇಳಿಯಿತು. ಮತ್ತೆ ಯೋಚಿಸಿದೆ. ನಾವು ಯಾವ ಊರಿಗೂ ಹೋಗಿ ಮುಟ್ಟಬೇಕಿಲ್ಲ. ಭಾನುವಾರ ನಾಲ್ಕು ಗಂಟೆ ನೀರಿನ ಮೇಲೆ ಇರಬೇಕು, ಅಷ್ಟೇ. ಹಾಗಾಗಿ ಗಂಟೆಯ ಲೆಕ್ಕವೇ ಸರಿ ಅಂತ ನಾನು ಹಟ ಹಿಡಿದೆ. ಅವನು ಒಪ್ಪಲಿಲ್ಲ.

ಕೊನೆಗೆ ಎರಡನ್ನೂ ನೀರಿಗಿಳಿಸಿ ಮನೆಯವರನ್ನೆಲ್ಲ ಹತ್ತಿಸಿ ನೋಡುವುದು ಅಂತ ಆಯಿತು. ಮಧ್ಯಾಹ್ನದ ಹೊತ್ತೇ ಬೇಕು ಅಂತ ಮೆಕ್ಯಾನಿಕ್ ಹೇಳಿದ್ದರು. ಬೆಳಿಗ್ಗೆ ಮಾಂಡೋವಿ ಎಲ್ಲಾ ಬೋಟನ್ನೂ ಒಳ್ಳೆಯದಾಗಿ ತೋರಿಸುತ್ತಾಳೆ ಅನ್ನುವುದು ಅವರ ಮಾತು.

ಬೌರೈಡರ್ ಮೊದಲು. ಇಳಿತದ ಹೊತ್ತು, ದಕ್ಕೆಯ ಕಲ್ಲಿನ ಮೆಟ್ಟಿಲು ಹಸಿರು ಪಾಚಿ ಕಟ್ಟಿ ಹೊಳೆಯುತ್ತಿತ್ತು. ಇಲ್ಲಿ ದೊಡ್ಡ ಭರತಿಗೂ ಇಳಿತಕ್ಕೂ ನೀರಿನ ಮಟ್ಟ ಎರಡು ಮೀಟರಿನಷ್ಟು ಬದಲಾಗುತ್ತೆ. ಬೋಟು ನಮ್ಮ ಕಾಲಿಗಿಂತ ಬಹಳ ಕೆಳಗಿತ್ತು. ಮಕ್ಕಳು ಜಿಗಿದರು. ತಮ್ಮನ ಹೆಂಡತಿ ಸೀಟಿನ ಮೇಲೆ ಕಾಲಿಟ್ಟು ಇಳಿದಳು. ಅವಳು ಇಳಿದ ಕಡೆಗೆ ಬೋಟು ವಾಲಿತು, ಆಮೇಲೆ ಈ ಕಡೆಗೆ. ಚೂಪು ತಳದ ಬೋಟು ನಿಂತಾಗ ಹೀಗೇ, ಓಡುವಾಗ ಮಾತ್ರ ಗಟ್ಟಿ. ಅವ್ವ ಇಳಕಲ್ ಸೀರೆಯ ನೆರಿಗೆ ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ನನ್ನ ಭುಜ ಹಿಡಿದು, ಕಾಲು ಮುಂದೆ ಚಾಚಿದಳು. ಬೋಟು ಸರಿಯಿತು. ದಕ್ಕೆಗೂ ಬೋಟಿಗೂ ನಡುವೆ ನೀರು ಕಂಡಿತು. ಅವ್ವ ಕಾಲು ಹಿಂದೆ ತೆಗೆದುಕೊಂಡಳು.

“ಏ ಹುಡುಗಿ, ನೀವು ಹೋಗಿ ಬರ್ರಿ. ನಾ ಇಲ್ಲೇ ಕುಂತಿರ್ತೀನಿ” ಅಂದಳು.

ಇಬ್ಬರು ಹುಡುಗರು ಹಗ್ಗ ಬಿಗಿದು ಹಿಡಿದು, ಮೆಕ್ಯಾನಿಕ್ ಕೆಳಗಿನಿಂದ ಕೈ ಕೊಟ್ಟು ಹೇಗೋ ಹತ್ತಿಸಿದರು. ಹತ್ತಿದ ಮೇಲೆ ಅವಳ ಮುಖ ನೋಡಿದರೆ ಮತ್ತೆ ಇಳಿಯುವುದು ಹೇಗೆ ಅಂತಲೇ ಯೋಚಿಸುತ್ತಿದ್ದ ಹಾಗಿತ್ತು.

ಅಲ್ಲಿಂದ ಮುಂದೆ ತಮ್ಮನ ದಿನ. ಕ್ಯಾಸಿನೊ ಹಡಗುಗಳನ್ನು ದಾಟುವವರೆಗೆ ನಿಧಾನ, ಆಮೇಲೆ ಥ್ರಾಟಲ್. ಮೂಗು ಆಕಾಶಕ್ಕೆ ಎದ್ದು ಒಂದು ಕ್ಷಣ ಮುಂದೇನೂ ಕಾಣದಾಯಿತು. ಮರುಕ್ಷಣ ಬೋಟು ನೀರಿನ ಮೇಲೆ ಎದ್ದು ಸಪಾಟಾಗಿ ಹಾರಿತು. ಮಕ್ಕಳ ಕೂಗು ಅಟಲ್ ಸೇತುವಿನವರೆಗೂ ಕೇಳಿಸಿರಬೇಕು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ರೇಯ್ಸ್ ಮಾಗೋಸ್ ಕೋಟೆಯ ಎದುರು ಅಳಿವೆ ಹತ್ತಿರ ಬಂದಾಗ ಇಳಿತದ ನೀರು ಹೊರಗೆ ನುಗ್ಗುತ್ತಿತ್ತು, ಮಧ್ಯಾಹ್ನದ ಕಡಲಗಾಳಿ ಒಳಗೆ ಬೀಸುತ್ತಿತ್ತು. ಎರಡೂ ಎದುರುಬದುರಾದರೆ ಅಲೆ ಕುಳ್ಳಗೆ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಏಳುತ್ತವೆ. ‘ವಿ’ ತಳ ಅವನ್ನು ಸೀಳುತ್ತಾ ಹೋಯಿತು. ಮೂಗಿನ ಸೀಟಿನಲ್ಲಿ ಕೂತಿದ್ದ ನನ್ನ ಮಗ ಒಂದು ಅಲೆಗೆ ಗೇಣು ಮೇಲೆದ್ದು ಧಪ್ಪನೆ ಬಿದ್ದ. ಮುಂದಿನ ಸೀಟಿನಿಂದ ಆಚೆ ಬಿದ್ದವರು ನೇರ ಬೋಟಿನ ಕೆಳಗೆ, ಅಲ್ಲಿಂದ ಪ್ರೊಪೆಲ್ಲರಿಗೆ ಹೋಗುತ್ತಾರೆ. ಅದಕ್ಕೇ ವೇಗದಲ್ಲಿ ಅಲ್ಲಿ ಮಕ್ಕಳನ್ನು ಕೂರಿಸಬಾರದಂತೆ. ಹಾಗಾದರೆ ಎಂಟು ಸೀಟಿನಲ್ಲಿ ಎಷ್ಟು ಉಳಿಯಿತು?

ನಡುನದಿಯಲ್ಲಿ ಎಂಜಿನ್ ಆರಿಸಲು ಹೇಳಿದವರು ನಮ್ಮ ಮನೆಯವರು. ಬಹಳ ಮಾತಾಡದ ಮನುಷ್ಯ. “ಊಟ ಮಾಡೋದು ಹಿಂಗ ನಿಂತಾಗಲ್ಲಾ? ನಿಂತು ನೋಡೋಣ” ಅಂದರು. ನಿಂತ ಕೂಡಲೇ ಬಿಸಿಲು ನೆತ್ತಿಗೆ ಬಡಿಯಿತು. ಯಾರಾದರೂ ಎದ್ದರೆ ಬೋಟು ವಾಲುತ್ತಿತ್ತು. ಫೆರಿಯೊಂದು ದೂರದಲ್ಲಿ ಹಾದುಹೋಗಿ, ಅದರ ಅಲೆ ಬಂದು ಮುಟ್ಟಿದಾಗ ಚಟ್ನಿ ಡಬ್ಬಿ ಜಾರಿ ಅವ್ವನ ಕಾಲ ಹತ್ತಿರ ಬಂದು ನಿಂತಿತು. ಮಕ್ಕಳು ಹಿಂದಿನ ಈಜು ಹಲಗೆಯ ಮೇಲೆ ಕೂರಲು ಹೋದರು. ಮೆಕ್ಯಾನಿಕ್ ಗದರಿ ಒಳಗೆ ಕರೆದರು. ಎಂಜಿನ್ ಚಾಲೂ ಇರುವಾಗ ಹೊಗೆ ಬರುವುದು ಆ ಹಲಗೆಯ ಕೆಳಗಿಂದಲೇ. ಅದರಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಂಪರು ಹತ್ತಿದ್ದು ಗೊತ್ತಾಗುವುದರೊಳಗೆ ಮಗು ನೀರಿನಲ್ಲಿರುತ್ತೆ. ಈಗ ಎಂಜಿನ್ ಆರಿದೆ, ಆದರೂ ಆ ರೂಢಿಯೇ ಬೇಡ ಅಂದರು.

ಪಾಂಟೂನಿನ ಸರದಿ ಬಂದಾಗ ಪಕ್ಕದ ತೇಲುವ ದಕ್ಕೆಗೆ ತಂದು ನಿಲ್ಲಿಸಿದರು. ಅದು ನೀರಿನ ಜೊತೆಗೇ ಏರಿ ಇಳಿಯುವಂಥದ್ದು. ನ್ಯಾಯವಾಗಿ ಹೇಳಬೇಕೆಂದರೆ ಬೌರೈಡರಿಗೂ ಅಲ್ಲೇ ಅವಕಾಶ ಕೊಡಬೇಕಿತ್ತು, ತಮ್ಮ ಜಗಳ ತೆಗೆದು ಆಮೇಲೆ ಕೊಡಿಸಿದ. ಅಲ್ಲೂ ಅಂಚು ದಾಟಿ ಒಳಗಿನ ತಗ್ಗಿಗೆ ಕಾಲಿಡಬೇಕಿತ್ತು, ಅಲ್ಲೂ ಅದು ವಾಲಿತು. ಪಾಂಟೂನಿನ ಕಟಕಟೆಗೆ ಪಕ್ಕದಲ್ಲೊಂದು ಬಾಗಿಲು. ಬಾಗಿಲು ತೆರೆದರೆ ನೆಲ ದಕ್ಕೆಯ ಸಮಕ್ಕೇ ಬಂದಿತ್ತು. ಅವ್ವ ಪಡಸಾಲೆಗೆ ಕಾಲಿಟ್ಟ ಹಾಗೆ ಒಳಗೆ ನಡೆದುಹೋದಳು. ಸೀರೆ ಎತ್ತಲಿಲ್ಲ, ಯಾರ ಭುಜವನ್ನೂ ಹಿಡಿಯಲಿಲ್ಲ. ಚಪ್ಪರದ ನೆರಳಿನಲ್ಲಿ ಕೂತು, “ಇದು ಚಲೋ ಐತಿ. ಇದರ ಬೆಲಿ ಎಷ್ಟಂತ?” ಅಂದಳು.

ಅಳಿವೆಯ ಕಡೆಗೆ ಒಯ್ದಾಗ ಮಾತ್ರ ಅದರ ಬಣ್ಣ ಬಯಲಾಯಿತು. ಮೊದಲು ಗಾಳಿ. ಚಪ್ಪರ, ಕಟಕಟೆ ಎಲ್ಲಾ ಸೇರಿ ಗಾಳಿಗೆ ಹಾಯಿ ಸಿಕ್ಕಂತಾಗಿ ಬೋಟು ಅಡ್ಡಡ್ಡ ಸರಿಯುತ್ತಿತ್ತು. ಆಮೇಲೆ ಅಲೆ. ಕುಳ್ಳ ಅಲೆಗಳ ನಡುವೆ ತಮ್ಮ ಬೇಕಂತಲೇ ಥ್ರಾಟಲ್ ಒಮ್ಮೆಲೇ ಇಳಿಸಿದ. ಮುಂಭಾಗ ತಗ್ಗಿ, ನೀರು ಸಪಾಟಾಗಿ ಒಳಗೆ ನುಗ್ಗಿ ನಮ್ಮ ಚಪ್ಪಲಿಗಳನ್ನೆಲ್ಲ ಹಿಂದಕ್ಕೆ ತಳ್ಳಿತು. “ನೋಡು” ಅಂತ ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿತ್ತು. ಮೆಕ್ಯಾನಿಕ್ ಚುಕ್ಕಾಣಿ ತೆಗೆದುಕೊಂಡು ತಿರುಗಿಸಿ, “ಇದು ಇಲ್ಲಿಗೆ ಬರೋ ಬೋಟಲ್ಲ. ಇಲ್ಲಿಗೆ ತರೋದಾದ್ರೆ ತಗೋಬೇಡಿ” ಅಂದರು. ಅಷ್ಟು ಖಡಾಖಂಡಿತವಾಗಿ ಅವರು ಬೇರೇನನ್ನೂ ಹೇಳಿರಲಿಲ್ಲ.

ಮೇಲ್ಮುಖವಾಗಿ ಹೋದೆವು. ಸೇತುವೆಗಳ ಕೆಳಗೆ ದಾಟಿ, ರಿಬಂದರ್ ಪಕ್ಕದಲ್ಲಿ, ಬಲಕ್ಕೆ ಪೋರ್ಚುಗೀಸರ ಕಾಲದ ಹಳೆಯ ಕಟ್ಟೆ ರಸ್ತೆ, ಎಡಕ್ಕೆ ಚೋರಾಂವ್ ದ್ವೀಪ. ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ ಗಿಡಗಳ ಬೇರುಗಳು ಇಳಿತದಲ್ಲಿ ಕೆಸರಿನಿಂದ ಮೇಲೆದ್ದು ಕಾಣುತ್ತಿದ್ದವು. ಒಳಗಿನ ಕವಲುಗಳಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ನಾವು ಹೊರಗಿನಿಂದಲೇ ನೋಡಿದೆವು. ಔಟ್‌ಬೋರ್ಡಿನ ಸದ್ದು ಹಿಂದೆಲ್ಲೋ ಸಣ್ಣಗೆ. ಮಾತಾಡಿದರೆ ಕೇಳಿಸುತ್ತಿತ್ತು. ಹಳೆ ಗೋವಾ, ದಿವಾರ್ ಕಡೆಗೆ ಹೋಗುವಾಗ ಮಕ್ಕಳು ನೆಲದ ಮೇಲೆ ಇಸ್ಪೀಟು ಹಾಕಿ ಕೂತರು. ಎಂಜಿನ್ ಆರಿಸಿ, ಲಂಗರು ಬಿಟ್ಟು, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಿಚ್ಚಿದೆವು. ಎಂಟು ಜನರೂ ಒಂದೇ ಕಡೆ ಸೇರಿದರೂ ನೆಲ ತುಸುವೇ ತಗ್ಗಿತು. ಇನ್ನೂ ಮುಂದೆ ಕುಂಭಾರಜುವೆ ಕಾಲುವೆ ಹಿಡಿದರೆ ಜುವಾರಿ ನದಿಗೇ ಹೋಗಬಹುದು. ಅಲ್ಲಿ ಮೊಸಳೆಗಳಿವೆ ಅಂತ ನಮ್ಮ ಮನೆಯವರು ಹೇಳಿದ್ದೇ ತಡ, ಮಕ್ಕಳು ಈಗಲೇ ಹೋಗೋಣ ಅಂತ ಹಟ ಮಾಡಿದರು. ಹೋಗಲಿಲ್ಲ. ಪೆಟ್ರೋಲಿನ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟಬಾರದು. ಇದು ಬೋಟಿನವರೆಲ್ಲ ಹೇಳುವ ನಿಯಮ, ನನ್ನಂಥವಳಿಗೆ ಬಹಳ ಹಿಡಿಸಿದ ನಿಯಮ.

ಆ ರಾತ್ರಿ ನಮ್ಮ ಪರ್ವರಿ ಮನೆಯಲ್ಲಿ ಕೂತು ಮಾತಾಡಿದೆವು. ತಮ್ಮನಿಗೆ ಗ್ರಾಂಡೆ ದ್ವೀಪ ಬೇಕು, ಡಾಲ್ಫಿನ್ ಬೇಕು, ಅಂದರೆ ಸಮುದ್ರ ಬೇಕು. ಆ ಆಸೆ ಏನೂ ತಪ್ಪಲ್ಲ. ಬೌರೈಡರ್ ಕೆಟ್ಟ ಬೋಟೂ ಅಲ್ಲ. ನಾವು ನಾಲ್ಕೇ ಜನ, ಮೂವತ್ತರ ಪ್ರಾಯ ಆಗಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಆದರೆ ಈ ಕುಟುಂಬದಲ್ಲಿ ಬೋಟು ಓಡುವ ಹೊತ್ತಿಗಿಂತ ನಿಂತಿರುವ ಹೊತ್ತೇ ಜಾಸ್ತಿ. ಹತ್ತುವುದು, ಇಳಿಯುವುದು, ಉಣ್ಣುವುದು, ಗಾಳ ಹಾಕುವುದು, ಮಗುವನ್ನು ಮಲಗಿಸುವುದು. ಅದನ್ನು ಇಟ್ಟುಕೊಂಡೇ ಬೋಟು ಆರಿಸಬೇಕು ಅಂದೆ. ಸಮುದ್ರಕ್ಕೆ ಹೋಗಬೇಕೆನಿಸಿದ ದಿನ ದೊಡ್ಡ ಬೋಟಿನಲ್ಲಿ ಟಿಕೆಟ್ ತೆಗೆದು ಹೋಗಲಿ, ಖರ್ಚು ಇಬ್ಬರದೂ. ತಮ್ಮ ಅವ್ವನ ಕಡೆ ನೋಡಿದ. ಅವ್ವ, “ನನ್ನ ಸಲುವಾಗಿ ಬ್ಯಾಡಪಾ” ಅಂದಳು. ಅಲ್ಲಿಗೆ ತೀರ್ಮಾನ ಆಗಿಹೋಯಿತು.

ಕಾಗದಪತ್ರ ನನ್ನ ಪಾಲಿಗೆ. ಪಣಜಿಯ ಬಂದರು ಇಲಾಖೆ, ಅಂದರೆ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯಲ್ಲಿ ಹೆಸರು ಬದಲಿಸಬೇಕು. 1917ರ ಹಳೆ ಕಾಯ್ದೆ ಹೋಗಿ 2021ರ ಒಳನಾಡು ಹಡಗು ಕಾಯ್ದೆ ಬಂದ ಮೇಲೆ ನೋಂದಣಿ, ಸರ್ವೆ, ವಿಮೆ ಮೂರೂ ಸರಿಯಿರಬೇಕು. ನೋಂದಣಿ ಪತ್ರದ ಎಂಜಿನ್ ನಂಬರಿಗೂ ಮೋಟಾರಿನ ಮೇಲೆ ಕೆತ್ತಿದ ನಂಬರಿಗೂ ತಾಳೆಯಾಗಲಿಲ್ಲ. ಹಿಂದಿನ ಮಾಲೀಕರು ಮೋಟಾರು ಬದಲಿಸಿ ಕಚೇರಿಗೆ ತಿಳಿಸಿರಲಿಲ್ಲ. ಅದು ಸರಿಯಾಗಿ, ಬೆಸುಗೆ ಹಾಕಿಸಿ, ಹೊಸ ಸತುವಿನ ಗಟ್ಟಿ ಕಟ್ಟುವವರೆಗೆ ಮುಂಗಡದ ಹೊರತು ಒಂದು ಪೈಸೆ ಕೊಡಲಿಲ್ಲ. ಬೆಲೆಯಲ್ಲೂ ಸ್ವಲ್ಪ ಇಳಿಸಿದರು, ಆ ಕೊಡ ನೀರಿನ ಪುಣ್ಯ.

ಮೊದಲ ಖರ್ಚು ಲೈಫ್ ಜಾಕೆಟ್. ಮಕ್ಕಳದ್ದನ್ನು ತೂಕ ನೋಡಿ ತರಬೇಕು, ಕಾಲ ನಡುವೆ ಪಟ್ಟಿ ಇರಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ತಲೆಯಿಂದ ಮೇಲೆ ಬಂದುಬಿಡುತ್ತೆ. ಎರಡನೆಯದು ಪೆಟ್ರೋಲಿನ ನೀರು ಬೇರ್ಪಡಿಸುವ ಫಿಲ್ಟರ್. ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು. ನಮ್ಮ ಮೋಟಾರಿನ ಪುಸ್ತಕ ಹತ್ತರವರೆಗೆ ಮಾತ್ರ ಒಪ್ಪುತ್ತೆ. ಎಥನಾಲ್ ಗಾಳಿಯ ತೇವ ಹೀರುತ್ತೆ, ಬೋಟು ಸುಮ್ನೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗುತ್ತೆ. ಹಾಗಾಗಿ ಹಳೆಯ ಪೈಪುಗಳನ್ನು ಬದಲಿಸಿದೆವು, ಆ ವಾರಕ್ಕೆ ಬೇಕಾದಷ್ಟೇ ತುಂಬಿಸುತ್ತೇವೆ. ಜೂನ್ ಬಂತೆಂದರೆ ಟ್ಯಾಂಕ್ ಖಾಲಿ ಮಾಡಿ, ಬೋಟು ಮೇಲೆತ್ತಿ, ಮಳೆ ಮುಗಿಯುವವರೆಗೆ ಯಾರ್ಡಿನ ತಗಡಿನ ಕೆಳಗೆ. ಬಾಡಿಗೆ ಅಡಿ ಲೆಕ್ಕದಲ್ಲಿ, ಇಪ್ಪತ್ತೆರಡು ಅಡಿಗೆ ಹತ್ತೊಂಬತ್ತು ಅಡಿಗಿಂತ ಜಾಸ್ತಿ. ಇದನ್ನು ತಮ್ಮ ಪ್ರತಿ ತಿಂಗಳೂ ನೆನಪಿಸುತ್ತಾನೆ.

ದಕ್ಕೆಗೆ ಹಚ್ಚುವುದನ್ನು ಕಲಿಯಲು ಹೊತ್ತು ಹಿಡಿಯಿತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅದರ ಎದುರಿಗೆ ನಿಧಾನವಾಗಿ ಬಂದರೆ ಬೋಟು ಮಾತು ಕೇಳುತ್ತೆ. ಗಾಳಿಯ ಬೆನ್ನಿಗೆ ಬಂದರೆ ಕೇಳುವುದಿಲ್ಲ. ಈಗ ನಮ್ಮಿಬ್ಬರಲ್ಲಿ ಇದನ್ನು ಚೆನ್ನಾಗಿ ಮಾಡುವವನು ತಮ್ಮನೇ. ಬೌರೈಡರನ್ನು ಯಾರೋ ಕೊಂಡುಕೊಂಡು ಮ್ಯಾನಿಫೋಲ್ಡ್ ಬದಲಿಸಿದರಂತೆ, ಮೆಕ್ಯಾನಿಕ್ ಹೇಳಿದರು. ಒಂದು ಭಾನುವಾರ ಅದು ನಮ್ಮನ್ನು ದಾಟಿ ಹೋಯಿತು. ತಮ್ಮ ಅದನ್ನು ಕೊನೆಯವರೆಗೂ ನೋಡಿ, ಅದರ ಅಲೆ ಬರುವ ಮೊದಲು ಚಟ್ನಿ ಡಬ್ಬಿ ಹಿಡಿಯಲು ಕೈ ಚಾಚಿದ. ಹಿಡಿಯಬೇಕಾಗಲಿಲ್ಲ.